ಪುಣೆ ಮದುವೆಗೆ ಬಂದ ನೆಂಟರಿಗೆ ಸಿಂಹಗಡ

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಬಂದವರನ್ನು ಅರ್ಧ ದಿನ ಸುತ್ತಾಡಿಸಲು ಸಿಂಹಗಡ ಕೋಟೆಯೇ ಸರಿ. ಪುಣೆಯಿಂದ ಸುಮಾರು 30 ಕಿ.ಮೀ., ದಾರಿಯಲ್ಲೇ ಖಡಕ್‌ವಾಸ್ಲಾ ಜಲಾಶಯ. ಕಾಲು ಗಟ್ಟಿಯಿದ್ದವರು ಬೆಟ್ಟದ ಬುಡದ ಆತಕರವಾಡಿ ಹಳ್ಳಿಯಿಂದ ಹತ್ತಲಿ, ಒಂದೂವರೆ-ಎರಡು ತಾಸು ಸಾಕು. ಹಿರಿಯರು ಕಾರಿನಲ್ಲಿ ಘಾಟಿ ಏರಿ ಕೋಟೆಯ ಬಾಗಿಲಾದ ಪುಣೆ ದರವಾಜಾದ ಬಳಿ ಸೇರಿಕೊಳ್ಳಬಹುದು. ರಸ್ತೆ ಕಿರಿದು, ತಿರುವುಗಳು ಬಿಗಿ. ದೊಡ್ಡ ಬಸ್ ಮಾಡಿಸಬೇಡಿ. ಭಾನುವಾರವಾದರೆ ಬೆಳಿಗ್ಗೆ ಏಳರೊಳಗೆ ಅರಣ್ಯ ಇಲಾಖೆಯ ನಾಕಾ ದಾಟಬೇಕು. ತಡವಾದರೆ ಗಾಡಿಗಳ ಸಾಲಿನಲ್ಲೇ ಹೊತ್ತು ಹೋಗುತ್ತೆ, ಹಾಗಾಗಿ ಮುಹೂರ್ತದ ದಿನ ಬೇಡವೇ ಬೇಡ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು. ಸವೆದ ಬಂಡೆಯೂ ಜಾರುತ್ತೆ. ಮದುವೆಯ ಚಪ್ಪಲಿ ರೂಮಿನಲ್ಲೇ ಇರಲಿ.

ಮೇಲೆ ಸಿಗುವ ಪಿಠಲ ಅಂದ್ರೆ ಕಡಲೆಹಿಟ್ಟಿನ ಪಲ್ಯ, ನಮ್ಮ ಜುಣಕದ ಹಾಗೇ ಆದರೆ ಸ್ವಲ್ಪ ತೆಳು. ಜೊತೆಗೆ ಬಿಸಿ ಭಾಕರಿ ಅಂದ್ರೆ ರೊಟ್ಟಿ, ಜಜ್ಜಿದ ಮೆಣಸಿನಕಾಯಿ ಠೇಚಾ. ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಹೆಪ್ಪಾದ ಮೊಸರು ಚಮಚಕ್ಕೆ ಕತ್ತರಿಸಿದಂತೆ ಬರುತ್ತೆ. ಅದನ್ನು ತಿನ್ನದೆ ಇಳಿಯಬೇಡಿ.