ಹಾಡಿದ್ದು ಮೂವರು, ಕವರ್ ಮೇಲೆ ಒಬ್ಬರ ಹೆಸರು: ಸುಪ್ರೀಮ್ಸ್ ಜೊತೆ ಹನ್ನೆರಡು ವರ್ಷ

ಸುಪ್ರೀಮ್ಸ್ ಅಂದರೆ 1960ರ ದಶಕದ ಅಮೆರಿಕದ ಮೂವರು ಗಾಯಕಿಯರ ಗುಂಪು. ಅವರ ಹಾಡುಗಳ ಈ ಜೋಡಿ ಎಲ್‌ಪಿ (ಎರಡು ತಟ್ಟೆಯ ರೆಕಾರ್ಡ್) ಹನ್ನೆರಡು ವರ್ಷದಿಂದ ನನ್ನ ಹತ್ತಿರ ಇದೆ. ಡೆಟ್ರಾಯಿಟ್ ಹತ್ತಿರದ ಒಂದು ಹಳೇ ರೆಕಾರ್ಡ್ ಅಂಗಡಿಯಲ್ಲಿ ತಗೊಂಡಿದ್ದು. ಒಂದು ಗೀರೂ ಇಲ್ಲ ಅಂತ ಅಂಗಡಿಯವನು ಆಣೆ ಮಾಡಿದ್ದ. ಮನೆಗೆ ತಂದು ಹಾಕಿದರೆ ಎರಡನೇ ಬದಿಯಲ್ಲಿ ಸೂಜಿ ಟಕ್ ಅಂತ ಎಗರಿತು. ವಾಪಸ್ ಕೊಡೋಣ ಅಂದುಕೊಂಡೇ ಕಾಲ ಕಳೆಯಿತು. ಈಗ ಆ ಹಾಡು ಬೇರೆಲ್ಲಾದರೂ ಎಗರದೆ ಬಂದರೆ ನನಗೇ ತಾಳ ತಪ್ಪಿದ ಹಾಗಾಗುತ್ತದೆ.

ಹೆಸರು 'ಡಯಾನಾ ರಾಸ್ ಅಂಡ್ ದಿ ಸುಪ್ರೀಮ್ಸ್: ಗ್ರೇಟೆಸ್ಟ್ ಹಿಟ್ಸ್'. ಡೆಟ್ರಾಯಿಟ್‌ನ ಮೋಟೌನ್ ರೆಕಾರ್ಡ್ ಕಂಪನಿ 1967ರ ಆಗಸ್ಟ್‌ನಲ್ಲಿ ತಂದದ್ದು. 20 ಹಾಡುಗಳಲ್ಲಿ 10 ಅಮೆರಿಕದ ಪಾಪ್ ಪಟ್ಟಿಯ ತುದಿ ಮುಟ್ಟಿದವು. ಆ ಹತ್ತರಲ್ಲೂ ಕಂಪನಿಯ ಹಾಡು ಬರೆಯುವ ತಂಡ ಹಾಲೆಂಡ್, ಡೋಜಿಯರ್, ಹಾಲೆಂಡ್ ಮೂವರ ಕೈ ಇದೆ. ಸೂತ್ರ ಒಂದೇ, ಆದರೂ ಬೇಜಾರಾಗುವುದಿಲ್ಲ. 'ವೇರ್ ಡಿಡ್ ಅವರ್ ಲವ್ ಗೋ' ಶುರುವಿನಲ್ಲಿ ಬರುವ ಸದ್ದನ್ನು ವರ್ಷಗಟ್ಟಲೆ ಚಪ್ಪಾಳೆ ಅಂದುಕೊಂಡಿದ್ದೆ. ಅದು ಮರದ ಹಲಗೆ ಮೇಲೆ ಕಾಲು ಬಡಿದ ಸದ್ದಂತೆ! 1964ರ ಆ ಹಾಡು ಬರುವ ತನಕ ಕಂಪನಿಯೊಳಗೆ ಇವರನ್ನು 'ಹಿಟ್ ಇಲ್ಲದ ಸುಪ್ರೀಮ್ಸ್' ಅಂತ ಆಡಿಕೊಳ್ಳುತ್ತಿದ್ದರು. 'ಯು ಕೀಪ್ ಮಿ ಹ್ಯಾಂಗಿನ್ ಆನ್' ಗಿಟಾರಂತೂ ತಂತಿ ಸಂದೇಶದ ಟಕಟಕ. ಬೆಳಗ್ಗೆ ಕಾಫಿ ಕೆಲಸ ಅದೇ ಮಾಡುತ್ತದೆ.

ನನಗೆ ಇಷ್ಟು ವರ್ಷ ಚುಚ್ಚುತ್ತಿರುವುದು ಕವರ್. ಒಳಗಿನ ಹಾಡುಗಳೆಲ್ಲ ಮೊದಲು ಹೊರಬಂದದ್ದು ಬರೀ 'ಸುಪ್ರೀಮ್ಸ್' ಹೆಸರಲ್ಲಿ. ಮುಖ್ಯ ಗಾಯಕಿ ಡಯಾನಾ ಹೆಸರು ಮುಂದೆ ಬಂದದ್ದು 1967ರ ಬೇಸಿಗೆಯಲ್ಲಿ. ಅದೇ ಹೊತ್ತಿಗೆ ಫ್ಲಾರೆನ್ಸ್ ಬ್ಯಾಲರ್ಡ್‌ರನ್ನು ಗುಂಪಿನಿಂದ ಕಳಿಸಿ, ಆ ಜಾಗಕ್ಕೆ ಸಿಂಡಿ ಬರ್ಡ್‌ಸಾಂಗ್‌ರನ್ನು ತಂದಿದ್ದರು. ಡೆಟ್ರಾಯಿಟ್‌ನ ಬ್ರೂಸ್ಟರ್ ಬಡಾವಣೆಯ ಹುಡುಗಿಯರಾಗಿ ಗುಂಪು ಕಟ್ಟಿದ ಕಾಲದಿಂದ ಇದ್ದವರು ಫ್ಲಾರೆನ್ಸ್. 1976ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 32 ವರ್ಷ.

ಇದೆಲ್ಲ ತಿಳಿದ ಮೇಲೆ 'ಬ್ಯಾಕ್ ಇನ್ ಮೈ ಆರ್ಮ್ಸ್ ಅಗೇನ್' ಕೇಳುವ ರೀತಿಯೇ ಬದಲಾಯಿತು. ಗೆಳತಿಯರ ಮಾತು ಕೇಳಿ ಹುಡುಗನನ್ನು ಬಿಟ್ಟು ಕೆಟ್ಟೆ ಅನ್ನುವ ತುಂಟ ಹಾಡು ಅದು. ನಡುವೆ ಡಯಾನಾ ಆ ಗೆಳತಿಯರ ಹೆಸರನ್ನೇ ಎತ್ತಿ ಆಡಿಕೊಳ್ಳುತ್ತಾರೆ: ಮೇರಿ (ಗುಂಪಿನ ಮೂರನೆಯವರಾದ ಮೇರಿ ವಿಲ್ಸನ್), ಫ್ಲೋ (ಅದೇ ಫ್ಲಾರೆನ್ಸ್). ಕವರ್ ಮೇಲೆ ಬರದ ಎರಡು ಹೆಸರುಗಳು ಡಯಾನಾ ಬಾಯಲ್ಲೇ ಬರುತ್ತವೆ. ಹೆಡ್‌ಫೋನ್ ಹಾಕಿ ಹಿಂದಿನ ದನಿಗಳಿಗೆ ಕಿವಿ ಕೊಟ್ಟು ಕೇಳಿ.

ದೂರು ಇಲ್ಲದಿಲ್ಲ. ಸಿಂಗಲ್‌ಗಳ (ಬಿಡಿ ಹಾಡಿನ ಸಣ್ಣ ರೆಕಾರ್ಡ್‌ಗಳ) ಹಿಂಬದಿಯ ಹಾಡುಗಳನ್ನೂ ತುಂಬಿದ್ದಾರೆ. 'ಆಸ್ಕ್ ಎನಿ ಗರ್ಲ್' ಸರಿ, ಉಳಿದ ಒಂದೆರಡು ಬಂದಾಗ ನಾನು ಒಗ್ಗರಣೆ ನೋಡಲು ಏಳುತ್ತೇನೆ. ನನ್ನದು ಸ್ಟೀರಿಯೊ ಪ್ರತಿ. ವಾದ್ಯ ಒಂದು ಕಡೆ, ದನಿ ಇನ್ನೊಂದು ಕಡೆ ಹಂಚಿಹೋದಂತೆ ಕೇಳುತ್ತದೆ. ಕಾರ್ ರೇಡಿಯೊದಲ್ಲಿ ಹೇಗೆ ಕೇಳುತ್ತದೆ ಅಂತ ನೋಡಿ ಹದ ಮಾಡಿದ ಸಂಗೀತ ಇದು. ಹಾಗಾಗಿ ಎಲ್ಲ ಸದ್ದೂ ಒಂದರಲ್ಲೇ ಕೂಡಿ ಬರುವ ಮೊನೊ ಪ್ರತಿ ಸಿಕ್ಕರೆ ಅದನ್ನೇ ತಗೊಳ್ಳಿ, ಹತ್ತು ಡಾಲರ್ ಹೆಚ್ಚಾದರೂ ಪರವಾಗಿಲ್ಲ. ದುಡ್ಡು ಕೊಡುವ ಮೊದಲು ಎರಡೂ ತಟ್ಟೆಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಅಂಗಡಿಯವನು ಎಷ್ಟೇ ಆಣೆ ಮಾಡಲಿ.