ಇಂಜಿನ್ ಬದಲಾಯಿಸಿದ ಮೇಲೆ ಆಯಿಲ್ ಲೈಟ್ ಬಂದರೆ ಮುಂದೆ ಓಡಿಸಬೇಡಿ

ಲಾರಿ ಇಟ್ಟುಕೊಂಡವರು ದಯವಿಟ್ಟು ಓದಿ. ನನಗಾದ ನಷ್ಟ ಇನ್ನೊಬ್ಬರಿಗೆ ಆಗಬಾರದು.

ನಮ್ಮ ಆರು ಚಕ್ರದ ಲಾರಿಯ ಹಳೇ ಇಂಜಿನ್ ಆಯಿಲ್ ಕುಡಿಯುತ್ತಿತ್ತು, ಹೊಗೆಯೂ ಜಾಸ್ತಿ. ಸೆಕೆಂಡ್ ಹ್ಯಾಂಡ್ ಇಂಜಿನ್ ತಂದು ಹಾಕಿಸಿದೆ. ಮೆಕ್ಯಾನಿಕ್ ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿ ತೊಳೆದರು. ಆದರೆ ಹೊಸ ಪ್ಯಾಕಿಂಗ್ (ಸಂದಿಯಲ್ಲಿ ಆಯಿಲ್ ಸೋರದಂತೆ ಕೂರಿಸುವ ಗ್ಯಾಸ್ಕೆಟ್) ಹಾಕದೆ ಬರೀ ಸಿಲಿಕಾನ್ ಪೇಸ್ಟ್ ಮೆತ್ತಿ ಮುಚ್ಚಿದರು.

ಒಂದು ವಾರ ಲೋಕಲ್ ಬಾಡಿಗೆ ಓಡಿತು, ತೊಂದರೆ ಇರಲಿಲ್ಲ. ಆಮೇಲೆ ದಾವಣಗೆರೆಯಿಂದ ನಾಮಕ್ಕಲ್‌ಗೆ ಮೆಕ್ಕೆಜೋಳ ಲೋಡ್ ಮಾಡಿದೆವು. ಚಿತ್ರದುರ್ಗ ದಾಟಿದ ಮೇಲೆ ಆಯಿಲ್ ಪ್ರೆಶರ್ ಮೀಟರ್ ಮುಳ್ಳು ಇಳಿಯಿತು, ಕೆಂಪು ಲೈಟ್ ಬಂತು. ಪಕ್ಕಕ್ಕೆ ಹಾಕಿ ಕಡ್ಡಿ ಎಳೆದು ನೋಡಿದರೆ ಆಯಿಲ್ ಸರಿಯಾಗೇ ಇದೆ. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದೆ. ಮುಳ್ಳು ಮತ್ತೆ ತನ್ನ ಜಾಗಕ್ಕೆ ಬಂತು. ಮೆಕ್ಯಾನಿಕ್‌ಗೆ ಫೋನ್ ಹಚ್ಚಿದರೆ, "ಅಣ್ಣಾ, ಸೆನ್ಸರ್ ಹೋಗಿರುತ್ತೆ ಅಷ್ಟೇ. ಆಯಿಲ್ ಇದೆಯಲ್ಲ, ಸುಮ್ನೆ ಹೋಗಿ" ಅಂದರು.

ಹಿರಿಯೂರಲ್ಲಿ ಸೆನ್ಸರ್ ಬದಲಾಯಿಸಿದೆವು. ಶಿರಾ ಹತ್ತಿರ ಮತ್ತೆ ಲೈಟ್. ಈ ಸಲ ಒಳಗಿಂದ ಕಟಕಟ ಸೌಂಡ್ ಶುರುವಾಯಿತು. ಬಂದ್ ಮಾಡುವಷ್ಟರಲ್ಲಿ ಇಂಜಿನ್ ಸೀಜ್, ತಿರುಗದಂತೆ ಬಿಗಿದುಕೊಂಡಿತು.

ಚೇಂಬರ್ ಬಿಚ್ಚಿದಾಗ ಪಕ್ಕದಲ್ಲೇ ಕೂತಿದ್ದೆ. ಪಂಪು ಆಯಿಲ್ ಎಳೆಯುವ ಪೈಪಿನ ತುದಿಯಲ್ಲಿ ಒಂದು ಜಾಲರಿ ಇರುತ್ತದೆ. ಮೆತ್ತಿದ ಪೇಸ್ಟ್ ಒಳಗಡೆಗೆ ಉಕ್ಕಿ, ಶಾವಿಗೆ ಚೂರಿನ ಹಾಗೆ ಕಿತ್ತುಬಂದು ಆ ಜಾಲರಿಗೆ ಅಂಟಿತ್ತು. ಬೇರಿಂಗ್‌ಗಳ ಬೂದು ಪದರ ಸವೆದು ತಾಮ್ರ ಕಾಣುತ್ತಿತ್ತು. ಆ ಬೇರಿಂಗ್‌ಗಳಲ್ಲಿ ತಿರುಗುವ ಕ್ರ್ಯಾಂಕ್ ದಂಡದ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಗೀರು. ಇಂಜಿನ್ ನಿಂತಾಗ ಎಳೆತ ನಿಲ್ಲುತ್ತದೆ, ಚೂರುಗಳು ಜಾಲರಿಯಿಂದ ಕಳಚಿಕೊಳ್ಳುತ್ತವೆ. ಹತ್ತು ನಿಮಿಷ ಬಿಟ್ಟಾಗ ಪ್ರೆಶರ್ ವಾಪಸ್ ಬಂದಿದ್ದು ಅದಕ್ಕೇ. ನಾವು ಸೆನ್ಸರ್ ಮೇಲೆ ತಪ್ಪು ಹೊರಿಸಿದೆವು.

ಜೋಳವನ್ನು ಬೇರೆ ಲಾರಿಗೆ ತುಂಬಿಸಿ ಕಳಿಸಿದೆ. ನನ್ನ ಗಾಡಿ 22 ದಿನ ನಿಂತಿತು. ಕಂತು ನಿಲ್ಲುತ್ತದಾ?

ಸೆನ್ಸರ್ ಅಂತ ಯಾರೇ ಹೇಳಲಿ, ಅದನ್ನು ಬಿಚ್ಚಿ ಅದೇ ತೂತಿಗೆ ಪ್ರೆಶರ್ ನೇರವಾಗಿ ತೋರಿಸುವ ಮೆಕ್ಯಾನಿಕಲ್ ಗೇಜ್ ಹಾಕಿಸಿ ನೋಡಿ. ಗೇಜ್‌ನಲ್ಲಿ ಪ್ರೆಶರ್ ಸರಿ ಇದ್ದೂ ಲೈಟ್ ಬಂದರೆ ಮಾತ್ರ ಸೆನ್ಸರೋ ವೈರಿಂಗೋ ಅನ್ನಬಹುದು. ಇಂಜಿನ್ ಪೂರ್ತಿ ಬಿಸಿಯಾದ ಮೇಲೇ ನೋಡಬೇಕು, ಯಾಕೆಂದರೆ ತಣ್ಣಗಿದ್ದಾಗ ಆಯಿಲ್ ಗಟ್ಟಿ ಇರುತ್ತದೆ, ಸವೆದ ಇಂಜಿನ್ ಕೂಡ ಒಳ್ಳೇ ಪ್ರೆಶರ್ ತೋರಿಸುತ್ತದೆ. ಸ್ಲೋ ರನ್ನಿಂಗ್‌ನಲ್ಲಿ ಕಮ್ಮಿ ಇದ್ದು ರೇಸ್ ಮಾಡಿದಾಗ ಏರಿದರೆ ಹೆಚ್ಚಾಗಿ ಬೇರಿಂಗ್ ಅಥವಾ ಪಂಪ್ ಸವೆದಿರುತ್ತದೆ. ರೇಸ್ ಮಾಡಿದಷ್ಟೂ ಇಳಿಯುತ್ತಾ ಹೋದರೆ ಮೊದಲು ಜಾಲರಿ ನೋಡಿ. ಹಳೇ ಆಯಿಲ್ ಫಿಲ್ಟರ್ ಕೊಯ್ದು ಬಿಡಿಸಿ, ಒಳಗಿನ ಕಾಗದದ ಮಡಿಕೆಗಳಲ್ಲಿ ಲೋಹದ ಪುಡಿ ಮಿನುಗುತ್ತಿದ್ದರೆ ಬೇರಿಂಗ್ ಆಗಲೇ ಸವೆಯುತ್ತಿದೆ ಅಂತ. 15ಡಬ್ಲ್ಯೂ-40 ಗ್ರೇಡ್ ಆಯಿಲ್ ಹಾಕುವ ಇಂಜಿನ್‌ಗೆ ಅದಕ್ಕಿಂತ ಗಟ್ಟಿ ಆಯಿಲ್ ಹಾಕಿ ಮುಳ್ಳು ಮೇಲೇರಿಸುತ್ತೇವೆ ಅಂದರೆ ಖಂಡಿತ ಒಪ್ಪಬೇಡಿ.

ಕ್ರ್ಯಾಂಕ್ ಗ್ರೈಂಡಿಂಗ್ ಆಗಿ ಬಂದ ಮೇಲೆ ಈ ಸಲ ಹೊಸ ಪ್ಯಾಕಿಂಗ್ ನಾನೇ ತಂದುಕೊಟ್ಟೆ. ಲೋಡ್ ಹಾಕುವ ಮುಂಚೆ ಗೇಜ್ ಕಟ್ಟಿಕೊಂಡೇ ಎರಡು ಗಂಟೆ ಖಾಲಿ ಗಾಡಿ ಓಡಿಸಿದೆ. ಮುಳ್ಳು ಒಮ್ಮೆಯೂ ಕುಸಿಯಲಿಲ್ಲ.