ಮೈನಸ್ 5.5 ಪವರ್, ನಾಲ್ಕು ವರ್ಷ, ಒಂದೇ ಸೈಕ್ಲಿಂಗ್ ಕನ್ನಡಕ

ನನ್ನ ಸೈಕ್ಲಿಂಗ್ ಕನ್ನಡಕದ ಮುಂದಿನ ಅಗಲ ಶೀಲ್ಡಿನ ಎಡ ಅಂಚಿನಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಗುಳಿಯೊಂದಿದೆ. ದೇವನಹಳ್ಳಿ ದಾಟಿದ ಮೇಲೆ ಜಲ್ಲಿ ತುಂಬಿಕೊಂಡು ಹೋಗುತ್ತಿದ್ದ ಟಿಪ್ಪರಿನಿಂದ ಸಿಡಿದ ಕಲ್ಲು ಮಾಡಿದ್ದು ಅದು. ಟಪ್ ಅಂತ ಸದ್ದಾಯಿತು, ಕಣ್ಣು ತಾನಾಗಿ ಮುಚ್ಚಿತು, ಮತ್ತೆ ತೆರೆದಾಗ ರಸ್ತೆ ಹಾಗೇ ಕಾಣುತ್ತಿತ್ತು. ಪಾಲಿಕಾರ್ಬನೇಟ್ ಒಡೆಯಲಿಲ್ಲ, ಬರೀ ತಗ್ಗಾಯಿತು. ಆ ಜಾಗದಲ್ಲಿ ನನ್ನ ದಿನಬಳಕೆಯ ತೆಳ್ಳನೆ ಕನ್ನಡಕ ಇದ್ದಿದ್ದರೆ ಕಲ್ಲು ಪಕ್ಕದಿಂದ ನೇರ ಕಣ್ಣಿಗೇ ಬರುತ್ತಿತ್ತು, ಅದಕ್ಕೆ ಆ ಬದಿಯಲ್ಲಿ ಮರೆಯೇ ಇಲ್ಲ.

ನನ್ನ ಬಲಗಣ್ಣು ಮೈನಸ್ 5.5, ಎಡಗಣ್ಣು ಮೈನಸ್ 5, ಎರಡಕ್ಕೂ 0.75 ಸಿಲಿಂಡರ್, ಅಂದರೆ ಅಸ್ಟಿಗ್ಮ್ಯಾಟಿಸಂ ತಿದ್ದುವ ಪವರ್. ವಯಸ್ಸು 46. ತಿಂಗಳಿಗೆರಡು ಸಲ ನಂದಿಬೆಟ್ಟ, ಉಳಿದ ದಿನ ಹೆಸರಘಟ್ಟದ ಕಡೆ ಒಂದು ಸುತ್ತು. ನಾಲ್ಕು ವರ್ಷದಲ್ಲಿ ಸುಮಾರು 22,000 ಕಿ.ಮೀ. ಈ ಒಂದೇ ಕನ್ನಡಕದಲ್ಲಿ ಓಡಿಸಿದ್ದೇನೆ. ಮುಂದೆ ದೊಡ್ಡ ಶೀಲ್ಡ್, ಅದರ ಹಿಂದೆ ಮೂಗಿನ ಹತ್ತಿರ ಸಿಕ್ಕಿಸುವ ಕ್ಲಿಪ್, ಆ ಕ್ಲಿಪ್ಪಿನಲ್ಲಿ ಪವರ್ ಇರುವ ಎರಡು ಪುಟ್ಟ ಲೆನ್ಸ್. ನಮ್ಮ ಗುಂಪಿನಲ್ಲಿ ಇದನ್ನು ಇನ್ಸರ್ಟ್ ಅಂತಲೇ ಕರೆಯುವುದು.

ಇದಕ್ಕೆ ಬರುವ ಮುಂಚೆ ಎರಡು ದಾರಿ ನೋಡಿದ್ದೆ. ಮೊದಲು ಕಾಂಟ್ಯಾಕ್ಟ್ ಲೆನ್ಸ್. ಹೊಂದುವವರಿಗೆ ಅದರಷ್ಟು ಸುಖ ಬೇರೆ ಇಲ್ಲ, ಯಾವ ಗಾಗಲ್ ಬೇಕಾದರೂ ಹಾಕಿಕೊಳ್ಳಬಹುದು. ನನಗೆ ಹೊಂದಲಿಲ್ಲ. ನಂದಿಯ ಇಳಿಜಾರಿನಲ್ಲಿ ಗಾಳಿಗೆ ಕಣ್ಣು ಒಣಗಿ ಬಲಗಣ್ಣಿನ ಲೆನ್ಸ್ ಮೇಲಕ್ಕೆ ಜಾರಿತು. ತಿರುವಿನಲ್ಲಿ ಒಂದೇ ಕಣ್ಣಲ್ಲಿ ಬ್ರೇಕ್ ಹಿಡಿದು ಪಕ್ಕಕ್ಕೆ ನಿಂತೆ. ಕೈಯಲ್ಲಿ ಚೈನಿನ ಎಣ್ಣೆ, ಬಾಟಲಿಯಲ್ಲಿ ನಲ್ಲಿ ನೀರು. ಕಾಂಟ್ಯಾಕ್ಟ್ ಲೆನ್ಸಿಗೆ ನಲ್ಲಿ ನೀರು ತಾಗಲೇಬಾರದು, ಸೋಂಕು ತಗುಲಿದರೆ ದೃಷ್ಟಿಗೇ ಅಪಾಯ. ಲೆನ್ಸ್ ತೆಗೆದು ಬಿಸಾಕಿ, ಮಿಕ್ಕ ಇಳಿಜಾರನ್ನು ಸೈಕಲ್ ತಳ್ಳಿಕೊಂಡೇ ಇಳಿದೆ.

ಎರಡನೆಯದು, ಮುಖಕ್ಕೆ ಸುತ್ತಿಕೊಳ್ಳುವ ಬಾಗಿದ ಫ್ರೇಮಿಗೇ ನೇರವಾಗಿ ಪವರ್ ಲೆನ್ಸ್ ಹಾಕಿಸುವುದು. ಒಂದು ಅಂಗಡಿಯವರು ಧೈರ್ಯವಾಗಿ ಮಾಡಿಕೊಟ್ಟರು. ಹಾಕಿಕೊಂಡು ಮೆಟ್ಟಿಲಿಳಿದರೆ ನೆಲ ಬಟ್ಟಲಿನ ಹಾಗೆ ಕುಳಿಬಿದ್ದಂತೆ ಕಂಡಿತು, ಹತ್ತು ನಿಮಿಷಕ್ಕೆ ತಲೆ ಸುತ್ತಿತು. ಕಾರಣ ಆಮೇಲೆ ತಿಳಿಯಿತು. ಲೆನ್ಸ್ ಹೆಚ್ಚು ಬಾಗಿ, ಕಿವಿಯ ಕಡೆಗೆ ವಾಲಿ ಕೂತಾಗ ಕಣ್ಣಿಗೆ ತಲುಪುವ ಪವರ್ರೂ ಸಿಲಿಂಡರ್ರೂ ಚೀಟಿಯಲ್ಲಿ ಬರೆದದ್ದಕ್ಕಿಂತ ಬೇರೆಯಾಗುತ್ತದೆ. ಆ ವಾಲಿಕೆಯನ್ನು ಲೆಕ್ಕ ಹಾಕಿ ಲೆನ್ಸ್ ಕಡೆಯುವ ಲ್ಯಾಬುಗಳಿವೆ. ನನ್ನದಕ್ಕೆ ಆ ಲೆಕ್ಕ ಯಾರೂ ಹಾಕಿರಲಿಲ್ಲ. ನಿಮ್ಮ ಪವರ್ ಮೈನಸ್ 2, 3ರ ಒಳಗಿದ್ದು, ಅಂಗಡಿಯವರು ಆ ತಿದ್ದುಪಡಿಯನ್ನು ಖಾತ್ರಿಯಾಗಿ ಮಾಡಿಸುತ್ತಾರಾದರೆ ನೀವು ಇದನ್ನೇ ಕೊಳ್ಳಿ ಅನ್ನುತ್ತೇನೆ, ಒಂದು ಪದರ ಗಾಜು ಕಡಿಮೆಯಾಗುತ್ತದೆ. ನನ್ನಂಥ ಪವರಿಗೆ ಇನ್ಸರ್ಟೇ ಸರಿ. ಅದರ ಲೆನ್ಸ್ ಹೆಚ್ಚು ಬಾಗಿರುವುದಿಲ್ಲ, ಪುಟ್ಟದಾಗಿರುವುದರಿಂದ ಮೈನಸ್ ಲೆನ್ಸಿನ ದಪ್ಪ ಅಂಚೂ ಹೆಚ್ಚು ಕಾಣುವುದಿಲ್ಲ.

ಆದರೆ ಇನ್ಸರ್ಟ್ ಕೊಂಡರಷ್ಟೇ ಸಾಲದು. ಅಳತೆಯ ವಿಷಯವನ್ನು ಯಾವ ಶೋರೂಮಿನಲ್ಲೂ ನನಗೆ ಹೇಳಿರಲಿಲ್ಲ. ಹ್ಯಾಂಡಲ್ಲಿನ ಹುಡ್, ಅಂದರೆ ಬ್ರೇಕಿನ ಮೇಲಿನ ರಬ್ಬರ್ ಹಿಡಿ, ಹಿಡಿದು ಬಾಗಿದಾಗ ತಲೆ ಕೆಳಗಾಗುತ್ತದೆ, ಕಣ್ಣು ಹುಬ್ಬಿನಡಿಯಿಂದ ಮೇಲಕ್ಕೆ ನೋಡುತ್ತದೆ. ಕುರ್ಚಿಯಲ್ಲಿ ಕೂತಾಗ ಲೆನ್ಸಿನ ನಡುವಿನಿಂದ ಕಾಣುವ ಲೋಕ ಸೈಕಲ್ ಮೇಲೆ ಅದರ ಮೇಲಂಚಿಗೆ ಹೋಗಿಬಿಡುತ್ತದೆ. ಮಾಮೂಲಿ ಕನ್ನಡಕದಲ್ಲಿ ರಸ್ತೆಯ ನಡುವೆ ಫ್ರೇಮಿನ ಕಪ್ಪು ಗೆರೆ ಅಡ್ಡ ಬರುವುದು ಇದಕ್ಕೇ. ಪವರ್ ಹೆಚ್ಚಿದ್ದರೆ, ಲೆನ್ಸಿನ ನಡುವಿನಿಂದ ಸರಿದಷ್ಟೂ ಬೆಳಕು ಓರೆಯಾಗಿ ಬಾಗುತ್ತದೆ, ಕಣ್ಣು ಬೇಗ ದಣಿಯುತ್ತದೆ.

ಇದನ್ನು ನನಗೆ ಬಿಡಿಸಿ ಹೇಳಿದವರು ಮಲ್ಲೇಶ್ವರದ ಒಂದು ಹಳೆಯ ಪುಟ್ಟ ಅಂಗಡಿಯ ಹಿರಿಯರು. ಅದಕ್ಕೂ ಮುಂಚೆ ಮೂರು ದೊಡ್ಡ ಅಂಗಡಿಗಳು ‘ಈ ಕ್ಲಿಪ್ಪಿಗೆ ನಾವು ಲೆನ್ಸ್ ಕೂರಿಸುವುದಿಲ್ಲ’ ಅಂತ ವಾಪಸ್ ಕಳಿಸಿದ್ದವು. ಇವರು ಕ್ಲಿಪ್ಪನ್ನು ತಿರುಗಿಸಿ ತಿರುಗಿಸಿ ನೋಡಿ, ‘ಸೈಕಲ್ ಮೇಲೆ ಹೇಗೆ ಕೂರ್ತೀರಿ, ತೋರಿಸಿ’ ಅಂದರು. ಕೌಂಟರಿನ ಅಂಚಿಗೆ ಎರಡೂ ಕೈ ಊರಿ ಬಾಗಿದೆ. ‘ಎದುರಿನ ಅಂಗಡಿ ಬೋರ್ಡ್ ಓದಿ’ ಅಂದರು. ನಾನು ಓದುತ್ತಿದ್ದಾಗ ಡಮ್ಮಿ ಲೆನ್ಸಿನ ಮೇಲೆ ಕಣ್ಣಪಾಪೆಗೆ ಸರಿಯಾಗಿ ಮಾರ್ಕರಿನಲ್ಲಿ ಚುಕ್ಕೆ ಇಟ್ಟರು. ಆಮೇಲೆ ನೆಟ್ಟಗೆ ನಿಲ್ಲಿಸಿ ಇನ್ನೊಂದು ಚುಕ್ಕೆ. ಎರಡರ ನಡುವೆ 5 ಮಿ.ಮೀ. ಅಂತರ! ಲೆನ್ಸಿನ ಮಧ್ಯಬಿಂದುವನ್ನು ಮೇಲಿನ ಚುಕ್ಕೆಯ ಹತ್ತಿರಕ್ಕೆ ತಂದು ಕೂರಿಸಿಕೊಟ್ಟರು. ಮೊದಲ ದಿನದಿಂದಲೂ ನನಗೆ ಒಂದು ಚೂರೂ ತಲೆನೋವು ಬಂದಿಲ್ಲ. ನೀವು ಯಾವ ಕಂಪನಿಯದನ್ನೇ ಕೊಳ್ಳಿ, ಈ ಅಳತೆಯನ್ನು ಕೇಳಿ ಮಾಡಿಸಿಕೊಳ್ಳಿ. ನಾಲ್ಕು ವರ್ಷದಲ್ಲಿ ನಾನು ಕಲಿತದ್ದರಲ್ಲಿ ಅತಿ ಮುಖ್ಯವಾದದ್ದು ಇದೇ.

ಶೀಲ್ಡಿನ ಬಣ್ಣಕ್ಕೆ ಬರೋಣ. ನಮ್ಮಲ್ಲಿ ರೈಡ್ ಶುರುವಾಗುವುದೇ ಬೆಳಗಿನ ಜಾವ ಐದಕ್ಕೆ, ಕತ್ತಲಲ್ಲಿ. ಅಂಗಡಿಯ ದೀಪದಲ್ಲಿ ಮಿರಮಿರ ಮಿಂಚುವ ಗಾಢ ಶೀಲ್ಡ್ ಆ ಮೊದಲ ಒಂದೂವರೆ ಗಂಟೆ ಅಪಾಯಕಾರಿ. ಇಂಥ ಗಾಢ ಬಣ್ಣಕ್ಕೆ 3ನೇ ವರ್ಗ ಅನ್ನುತ್ತಾರೆ, ಆ ಶೀಲ್ಡ್ ಒಳಬಿಡುವುದು ನೂರರಲ್ಲಿ 8ರಿಂದ 18 ಪಾಲು ಬೆಳಕನ್ನು ಮಾತ್ರ. ನನ್ನದು ಬಿಸಿಲಿಗೆ ತಾನೇ ಕಪ್ಪಾಗುವ ಫೋಟೋಕ್ರೋಮಿಕ್, ಕತ್ತಲಲ್ಲಿ ಹೆಚ್ಚುಕಡಿಮೆ ತಿಳಿ. ಇದಕ್ಕೂ ಮಿತಿಯಿದೆ. ಏಪ್ರಿಲ್ ಸೆಕೆಯಲ್ಲಿ ಪೂರ್ತಿ ಕಪ್ಪಾಗುವುದಿಲ್ಲ, ಬೆಟ್ಟದ ಚಳಿಯಲ್ಲಿ ಚೆನ್ನಾಗಿ ಕಪ್ಪಾದರೂ ತಿಳಿಯಾಗಲು ತಡಮಾಡುತ್ತದೆ. ಉರಿಬಿಸಿಲಿನಿಂದ ಅಂಡರ್‌ಪಾಸಿಗೆ ಇಳಿದರೆ ಅದು ತಿಳಿಯಾಗುವಷ್ಟರಲ್ಲಿ ನೀವು ಆಚೆ ಹತ್ತಿರುತ್ತೀರಿ. ಅಲ್ಲಿ ವೇಗ ತಗ್ಗಿಸಿ, ಗುಂಡಿ ಕಾಣುವುದಿಲ್ಲ. ಹೊಳಪು ತಡೆಯುವ ಪೋಲರೈಸ್ಡ್ ಶೀಲ್ಡ್ ಬೇಡ ಅಂದೆ, ಒದ್ದೆ ರಸ್ತೆಯ ಹೊಳಪು ನನಗೆ ಕಾಣಲೇಬೇಕು.

ಇನ್ಸರ್ಟಿನ ನಿಜವಾದ ಕಾಟ ಆವಿ. ಎರಡು ಪದರದ ನಡುವೆ ಗಾಳಿ ಆಡುವುದು ಕಡಿಮೆ. ಏರು ಹತ್ತುವಾಗ, ಬೆವರು ಸುರಿಯುವಾಗ, ಮೋಡದೊಳಗೆ ಹೋದಾಗ ಒಳಲೆನ್ಸ್ ಹಾಲುಬಿಳಿ. 1,478 ಮೀಟರ್ ಎತ್ತರದ ನಂದಿಯ ತುದಿಯಲ್ಲಿ ಜುಲೈ ತಿಂಗಳ ಮುಂಜಾನೆ ಇದು ತಪ್ಪಿದ್ದಲ್ಲ. ಕನ್ನಡಕವನ್ನು ಮೂಗಿನ ಮೇಲೆ ಒಂದು ಬೆರಳಷ್ಟು ಮುಂದೆ ಸರಿಸಿ ಹತ್ತುತ್ತೇನೆ, ಇಳಿಯುವ ಮುಂಚೆ ಹಿಂದೆ ತಳ್ಳುತ್ತೇನೆ, ಗಾಳಿ ಬಡಿದ ಕೂಡಲೇ ತಿಳಿಯಾಗುತ್ತದೆ. ಜರ್ಸಿಯಿಂದ ಒರೆಸಬೇಡಿ, ಒಣಗಿದ ಬೆವರಿನ ಉಪ್ಪು ಮತ್ತು ಧೂಳು ಸೇರಿ ಕೋಟಿಂಗನ್ನು ಗೀರುತ್ತವೆ. ಮನೆಗೆ ಬಂದು ಒಂದು ಹನಿ ಪಾತ್ರೆ ತೊಳೆಯುವ ಸೋಪು, ತಣ್ಣೀರು, ಮೆತ್ತನೆ ಬಟ್ಟೆ. ಕ್ಲಿಪ್ಪನ್ನು ಬಿಚ್ಚಿ ಬೇರೆಯಾಗಿ ತೊಳೆಯಿರಿ.

ಸಂಜೆ ರೈಡಿನಲ್ಲಿ ಎದುರು ವಾಹನದ ಹೆಡ್‌ಲೈಟ್ ಎರಡೆರಡಾಗಿ ಕಾಣುತ್ತಿತ್ತು. ಇನ್ಸರ್ಟಿಗೂ ಶೀಲ್ಡಿಗೂ ನಡುವೆ ಬೆಳಕು ಪುಟಿಯುವುದರಿಂದ ಹೀಗಾಗುತ್ತದೆ. ಒಳಲೆನ್ಸಿನ ಎರಡೂ ಮೈಗೆ ಆ್ಯಂಟಿ-ರಿಫ್ಲೆಕ್ಷನ್ ಕೋಟಿಂಗ್ ಮಾಡಿಸಿದ ಮೇಲೆ ಬಹಳ ಕಡಿಮೆಯಾಯಿತು. ಕೋಟಿಂಗಿನ ದುಡ್ಡು ಉಳಿಸಲು ಹೋಗಬೇಡಿ.

ಎರಡನೇ ಬೇಸಿಗೆಗೆ ಮೂಗಿನ ರಬ್ಬರ್ ಅಂಟಂಟಾಯಿತು. ಮೂರನೇ ವರ್ಷ ಕ್ಲಿಪ್ಪಿನ ಒಂದು ಕೊಂಡಿ ಸಡಿಲವಾಗಿ ಲೆನ್ಸ್ ವಾಲಿತು. ಸಿಲಿಂಡರ್ ಇರುವವರಿಗೆ ಲೆನ್ಸ್ ಹೀಗೆ ವಾಲಿದರೆ ರಸ್ತೆಯ ಬಿಳಿಗೆರೆಗೆ ನೆರಳು ಹುಟ್ಟುತ್ತದೆ. ಬಿಡಿಭಾಗ ಕೇಳಿದರೆ ಕಂಪನಿಯವರಿಂದ ಎರಡು ತಿಂಗಳು ಉತ್ತರವೇ ಇಲ್ಲ. ಕೊನೆಗೆ ಬೇರೆ ಕಡೆಯಿಂದ ಒಂದು ಕ್ಲಿಪ್ ತರಿಸಿಕೊಂಡೆ. ಕೊಳ್ಳುವಾಗಲೇ ಇನ್ನೊಂದು ಕ್ಲಿಪ್ ಕೊಂಡಿಟ್ಟುಕೊಳ್ಳಿ.

ಚಾಳೀಸು ಬಂದವರಿಗೆ ಒಂದು ಮಾತು. ದೂರಕ್ಕೂ ಹತ್ತಿರಕ್ಕೂ ಒಂದೇ ಲೆನ್ಸಿನಲ್ಲಿ ಪವರ್ ಇರುವ ಪ್ರೋಗ್ರೆಸಿವ್‌ಗೆ ಬೇಕಾದ ಎತ್ತರ ಇಷ್ಟು ಪುಟ್ಟ ಲೆನ್ಸಿನಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ನಾನು ಸೈಕಲ್ ಕಂಪ್ಯೂಟರಿನ ಪರದೆಯಲ್ಲಿ ಮೂರೇ ಅಂಕಿ ದೊಡ್ಡದಾಗಿ ಕಾಣುವ ಹಾಗೆ ಇಟ್ಟುಕೊಂಡಿದ್ದೇನೆ, ಸಾಕಾಗಿದೆ.

ಫ್ರೇಮ್, ಶೀಲ್ಡ್, ಕ್ಲಿಪ್ ಸೇರಿ ಆಗ 8,200 ರೂಪಾಯಿ, ಒಳಲೆನ್ಸಿಗೆ 2,600. ಹೋದ ತಿಂಗಳು ಕಣ್ಣು ತೋರಿಸಿದಾಗ ಎಡಗಣ್ಣು ಕಾಲು ಪಾಯಿಂಟ್ ಏರಿತ್ತು. ಮಲ್ಲೇಶ್ವರಕ್ಕೆ ಹೋಗಿ ಮತ್ತೆ ಕೌಂಟರಿಗೆ ಕೈ ಊರಿ ಬಾಗಿದೆ. ಅದೇ ಕ್ಲಿಪ್ಪಿನಲ್ಲಿ ಎಡಗಡೆ ಲೆನ್ಸ್ ಮಾತ್ರ ಬದಲಾಯಿತು. ಗುಳಿಬಿದ್ದ ಶೀಲ್ಡನ್ನು ಇನ್ನೂ ಬದಲಿಸಿಲ್ಲ, ಅದು ನೋಟದ ದಾರಿಗೆ ಅಡ್ಡ ಬರುವುದಿಲ್ಲ.